ಏಳುವ ಮುಂಚೆ ಓದು

ಜನವರಿ 18

ಅಣ್ಣ,

ಮೊದಲು ಸುದ್ದಿ, ಆಮೇಲೆ ಕುಶಲ. ನಮ್ಮ ಮೌನಧ್ಯಾನ ಬಳಗದ ವಲಯ ಸಮಾವೇಶ ಹನ್ನೊಂದು ವರ್ಷ ಊರೂರು ಸುತ್ತಿ ಈ ಸಲ ಮತ್ತೆ ನಮ್ಮ ಸಭಾಭವನಕ್ಕೆ ಬಂದಿದೆ. ಫೆಬ್ರುವರಿ 23, ಭಾನುವಾರ. ಎರಡನೆಯ ಸುದ್ದಿಯನ್ನು ಕೂತುಕೊಂಡು ಓದು, ಬಿದ್ದುಗಿದ್ದೀಯ: ಸಂಚಾಲಕಿ ನಾನೇ. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸುವವಳು ಆರುನೂರು ಜನರ ಮುಂದೆ ನೆಟ್ಟಗೆ ನಿಲ್ಲಬೇಕಂತೆ, ಬಳಗ ನಡೆಸುವ ಮೇಷ್ಟ್ರ ಅಪ್ಪಣೆ.

"ನನ್ನ ಕೈಲಾಗಲ್ಲ ಮೇಷ್ಟ್ರೇ, ಸೂಜಿ ಹಿಡಿಯೋ ಕೈ ಇದು" ಅಂದೆ. "ಅದಕ್ಕೇ ನಿನ್ನನ್ನ ಕೇಳಿದ್ದು. ಮಾತಾಡೋರು ಬೇಕಾದಷ್ಟು ಜನ ಇದ್ದಾರೆ" ಅಂದರು. ಅವರು ಶಾಲೆಯಿಂದ ನಿವೃತ್ತರಾಗಿ ಇಪ್ಪತ್ತೆರಡು ವರ್ಷವಾಯಿತು, ಬಳಗದವರನ್ನೆಲ್ಲ ಇನ್ನೂ ಐದನೇ ಕ್ಲಾಸಿನವರ ಹಾಗೇ ನೋಡುತ್ತಾರೆ.

ನಿನಗೆ ನಿಯಮಗಳು ಮರೆತಿರಬಹುದು, ನೆನಪಿಸುತ್ತೇನೆ. ಇವತ್ತಿನಿಂದ ಸಮಾವೇಶ ಮುಗಿಯುವವರೆಗೆ ನಾವು ಏರ್ಪಾಡು ಮಾಡುವವರು ಫೋನ್ ಮುಟ್ಟುವಂತಿಲ್ಲ. ಎಲ್ಲರ ಫೋನೂ ಟ್ರಂಕಿನಲ್ಲಿ, ಬೀಗದ ಕೈ ಮೇಷ್ಟ್ರ ಹತ್ತಿರ. ಏನಿದ್ದರೂ ಕಾಗದ ಬರೆಯಬೇಕು. ಸಮಾವೇಶದ ದಿನ ಗೇಟು ದಾಟಿದ ಮೇಲೆ ಯಾರೂ ತುಟಿ ಬಿಚ್ಚುವಂತಿಲ್ಲ. ನಡು ಮಧ್ಯಾಹ್ನ ಹನ್ನೆರಡಕ್ಕೆ ಸಂಚಾಲಕಿ ಮರದ ಚಕ್ಕೆ ಬಡಿದಾಗ ಎಲ್ಲರೂ ಒಟ್ಟಿಗೆ, ಒಂದೇ ಸಲಕ್ಕೆ ಎದ್ದು ನಿಲ್ಲಬೇಕು. ಆಮೇಲೇ ಮಾತು. ಚಕ್ಕೆ ನೀನೇ ಕೆತ್ತಿಕೊಟ್ಟದ್ದು, ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ.

ಅಮ್ಮ ಚೆನ್ನಾಗಿದ್ದಾಳೆ. ಮಂಡಿ ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ಆ ದಿನ ಮನೆಯಲ್ಲೇ ಇರುತ್ತಾಳಂತೆ. ನೀನಾದರೂ ಬಾ. ಬಳಗ ಬಿಟ್ಟವನು ಎಂದು ಯಾರೂ ಮುಖ ತಿರುಗಿಸುವುದಿಲ್ಲ, ಅದಕ್ಕೆ ನಾನು ಹೊಣೆ.

ನಿನ್ನ ಗುಬ್ಬಿ


ಜನವರಿ 25

ಗುಬ್ಬಿ,

ಕಾಗದ ಓದಿ ನಿನ್ನ ಅತ್ತಿಗೆ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಳು. ನೀನು ಚಿಕ್ಕವಳಿದ್ದಾಗ ಮನೆಗೆ ಯಾರಾದರೂ ಬಂದರೆ ಬಾಗಿಲ ಹಿಂದೆ ಅಡಗುತ್ತಿದ್ದೆ. ಈಗ ಆರುನೂರು ಜನ ನಿನ್ನ ಸದ್ದಿಗೆ ಏಳುತ್ತಾರೆ. ನನಗೆ ಹೆಮ್ಮೆ.

ಬರುವುದಾಗುವುದಿಲ್ಲ. ಕೈತುಂಬ ಕೆಲಸ. ಒಂದು ಶಾಲೆಯ ಬೆಂಚುಗಳನ್ನು ಒಪ್ಪಿಕೊಂಡಿದ್ದೇನೆ, ಮುಗಿಯುವ ಲಕ್ಷಣವೇ ಇಲ್ಲ.

ಸುಮ್ಮನೆ ಕೇಳುತ್ತೇನೆ. ಆರುನೂರು ಜನ ಕೆಳಗಿನ ಹಾಲ್‌ನಲ್ಲಿ ಹಿಡಿಸುತ್ತಾರಾ? ಮೇಲಿನ ಬಾಲ್ಕನಿಯಲ್ಲೂ ಕೂರಿಸುತ್ತೀರಾ? ಕೂರಿಸಿದರೆ ಎಷ್ಟು ಜನರನ್ನು? ಹಳೆಯ ಮರ ಅದು. ಅಂಗಳದಲ್ಲಿ ಶಾಮಿಯಾನ ಹಾಕಿದರೆ ಗಾಳಿಯೂ ಚೆನ್ನಾಗಿ ಬರುತ್ತದೆ. ಯೋಚನೆ ಮಾಡಿ ನೋಡು.

ಅಮ್ಮ ಮನೆಯಲ್ಲಿರುವುದೇ ಒಳ್ಳೆಯದು. ಮೆಟ್ಟಿಲು ಹತ್ತಿಸಬೇಡ.

ಅಣ್ಣ


ಫೆಬ್ರುವರಿ 2

ಅಣ್ಣ,

ಅಂಗಳದಲ್ಲಿ ಶಾಮಿಯಾನ ಹಾಕಿದರೆ ಹೊರಗಿನ ಲಾರಿಗಳೂ ಮೌನದಲ್ಲಿ ಸೇರಿಕೊಳ್ಳುತ್ತವೆಯೇ? ನೀನು ಯಾವತ್ತೂ ಹೀಗೇ. ನಾನು ಒಂದು ಕೆಲಸಕ್ಕೆ ಕೈ ಹಾಕಿದರೆ ಅದರಲ್ಲೊಂದು ಕೊರತೆ ಹುಡುಕುತ್ತೀಯ. ಬೇಜಾರಿಲ್ಲ, ಅಭ್ಯಾಸವಾಗಿದೆ.

ಆರುನೂರ ನಲವತ್ತು ಹೆಸರು ಬಂದಿವೆ. ಮೇಲೆ ಇನ್ನೂರ ಹತ್ತು ಜನ, ಮೇಷ್ಟ್ರು ಚಾಕ್‌ಪೀಸಿನಲ್ಲಿ ನೆಲಕ್ಕೆ ಗೆರೆ ಎಳೆದು ಎಣಿಸಿದ್ದಾರೆ. ನಿನ್ನ ಪ್ರಶ್ನೆ ಹೇಳಿದೆ. ಅವರು ನಕ್ಕು, "ಅದು ನಿನ್ನ ಅಣ್ಣನ ಕೆಲಸ ಕಣಮ್ಮ. ಬಾಲ್ಕನಿ ಕೆಳಗಿನ ನಡುವಿನ ಕಂಬ ತೆಗೆದು ಕಬ್ಬಿಣದ ತೊಲೆ ಕೂರಿಸಿದ್ದು ಯಾರು? ಹನ್ನೊಂದು ವರ್ಷ ಆಯ್ತು, ಒಂದು ಕೂದಲೆಳೆ ಬಿರುಕು ತೋರಿಸು ನೋಡೋಣ" ಅಂದರು. ಆ ಕಂಬ ಹೋದ ಮೇಲೆ ಮೂಲೆಯಲ್ಲಿ ಕೂತವರಿಗೂ ವೇದಿಕೆ ಕಾಣುತ್ತದೆ ಎಂದು ಈಗಲೂ ನಿನ್ನನ್ನು ಹೊಗಳುತ್ತಾರೆ. ನಿನಗೆ ಜಂಬ ಬರಲಿ ಎಂದು ಬರೆದೆ.

ಬಣ್ಣದವರು ಬಂದಿದ್ದಾರೆ. ಹಾಲ್ ತುಂಬ ಅದೇ ವಾಸನೆ. ಬಾಲ್ಕನಿಯ ಎಡಗಡೆಯ ಕಂಬದ ತಲೆಗೆ ನೀನು ಹಲಗೆ ಬಡಿದು ಮುಚ್ಚಿದ್ದೀಯಲ್ಲ, ಅದರ ಸಂದಿಯಿಂದ ಮರದ ಪುಡಿ ಉದುರುತ್ತಿರುತ್ತದೆ. ನಾನು ಗುಡಿಸುತ್ತೇನೆ, ಮರುದಿನ ಮತ್ತೆ ಅಷ್ಟೇ. ಒಳಗೆ ಇಲಿ ಸಂಸಾರ ಹೂಡಿದೆ ಎಂದು ಕಾಣುತ್ತದೆ. ಸಮಾವೇಶ ಮುಗಿಯಲಿ, ಅದಕ್ಕೊಂದು ಗತಿ ಕಾಣಿಸುತ್ತೇನೆ.

ಕೂರುವ ದಿಂಬಿನ ಕವರು ಇನ್ನೂ ನೂರೈವತ್ತು ಹೊಲಿಯಬೇಕು. ಅತ್ತಿಗೆಗೆ ಹೇಳು, ಅವಳಿದ್ದಿದ್ದರೆ ಗುಂಡಿ ಹಾಕುವ ಕೆಲಸ ಅವಳಿಗೇ ಅಂಟಿಸುತ್ತಿದ್ದೆ.

ಗುಬ್ಬಿ


ಫೆಬ್ರುವರಿ 7

ಗುಬ್ಬಿ,

ಮೇಲೆ ಯಾರನ್ನೂ ಕೂರಿಸಬೇಡ. ಒಬ್ಬರನ್ನೂ ಬೇಡ. ಕಾರಣ ಕೇಳಬೇಡ. ಮರಕ್ಕೆ ಹುಳು ಬಿದ್ದಿರಬಹುದು, ಏನು ಬೇಕಾದರೂ ಆಗಿರಬಹುದು. ಮೆಟ್ಟಿಲಿಗೆ ಅಡ್ಡ ಹಗ್ಗ ಕಟ್ಟಿ, ಬೀಗ ಹಾಕಿ, ಬಣ್ಣ ಒಣಗಿಲ್ಲ ಎಂದು ಹೇಳಿಬಿಡು. ಮೇಷ್ಟ್ರು ಒಪ್ಪದಿದ್ದರೆ ನಾನು ಹೇಳಿದೆ ಅನ್ನು.

ಆ ಪುಡಿಯನ್ನು ನೀನು ಗುಡಿಸಲೂ ಹೋಗಬೇಡ. ಅದರ ಕೆಳಗೆ ನಿಲ್ಲಬೇಡ.

ಇಷ್ಟು ಮಾತ್ರ ನಡೆಸಿಕೊಡು. ಜನ್ಮದಲ್ಲಿ ಮತ್ತೇನೂ ಕೇಳುವುದಿಲ್ಲ.

ಅಣ್ಣ


ಫೆಬ್ರುವರಿ 12

ಅಣ್ಣ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಓದಿದಷ್ಟೂ ಸಿಟ್ಟು ಏರಿತು.

ಹನ್ನೊಂದು ವರ್ಷದಲ್ಲಿ ಒಂದು ಸಲವೂ ನೀನು ಈ ಭವನದ ಹೊಸಿಲು ತುಳಿದಿಲ್ಲ. ಅಪ್ಪ ತೀರಿಕೊಂಡಾಗ ಬಳಗದವರೆಲ್ಲ ಒಳಗೆ ಕೂತಿದ್ದರೆ ನೀನು ಗೇಟಿನ ಆಚೆ ನಿಂತಿದ್ದೆ. ಯಾಕೆ ಬಿಟ್ಟೆ ಎಂದು ಕೇಳಿದರೆ "ನನಗೆ ನಂಬಿಕೆ ಹೋಯ್ತು" ಎಂಬ ಒಂದೇ ಮಾತು. ಸರಿ, ನಿನ್ನ ನಂಬಿಕೆ ನಿನಗೆ ಬಿಟ್ಟದ್ದು. ಈಗ ಸಮಾವೇಶಕ್ಕೆ ಹನ್ನೊಂದು ದಿನ ಇರುವಾಗ ಹಗ್ಗ ಕಟ್ಟು, ಬೀಗ ಹಾಕು, ಸುಳ್ಳು ಹೇಳು ಅಂದರೆ ನಾನು ಏನೆಂದುಕೊಳ್ಳಲಿ? ತಂಗಿಗೆ ನಾಲ್ಕು ಜನರ ಮುಂದೆ ಒಳ್ಳೆಯ ಹೆಸರು ಬರುವುದು ನಿನಗೆ ಬೇಡವಾಯಿತೇ?

ಆದರೂ ಮನಸ್ಸು ತಡೆಯಲಿಲ್ಲ. ಬಣ್ಣದವರ ಜೊತೆ ಬಂದಿದ್ದ ಬಡಗಿಯ ಕೈಲಿ ನೋಡಿಸಿದೆ. ಅವನು ಕಂಬದ ಮುಚ್ಚಿಗೆಯ ಹಲಗೆಗಳನ್ನು ಬೆರಳಲ್ಲಿ ಬಡಿದು, "ಒಳ್ಳೆ ಮರ ಅಮ್ಮ, ಇನ್ನೂ ಐವತ್ತು ವರ್ಷ ಬರುತ್ತೆ" ಅಂದ. ಅಲ್ಲಿಗೆ ಮುಗಿಯಿತು.

ಇನ್ನೊಂದು ಮಾತು. ಅಮ್ಮ ಹೇಳಬೇಡ ಅಂದಿದ್ದಳು, ಈಗ ಹೇಳುತ್ತೇನೆ. ಅಮ್ಮ ಸಮಾವೇಶಕ್ಕೆ ಬರುತ್ತಾಳೆ. ಮೇಲೇ ಕೂರುತ್ತಾಳೆ. ಮುಂದಿನ ಸಾಲು, ಸರಿಯಾಗಿ ನಡುವೆ. ಆ ಜಾಗವನ್ನು ತಾನೇ ಮೇಷ್ಟ್ರ ಹತ್ತಿರ ಕೇಳಿ ಬರೆಸಿಕೊಂಡಿದ್ದಾಳೆ. ಆ ಮಂಡಿಯಲ್ಲಿ ಹೇಗೆ ಹತ್ತುತ್ತೀಯ ಅಂದರೆ "ಕೂತು ಕೂತು ಹತ್ತುತ್ತೀನಿ, ನಿನಗೇನು?" ಅನ್ನುತ್ತಾಳೆ. ಯಾಕೆ ಅಲ್ಲೇ ಎಂಬುದು ನನಗೆ ಗೊತ್ತು, ನಿನಗೆ ಹೇಳುವುದಿಲ್ಲ. ಹೇಳಿದರೂ ನಿನಗೆ ತಟ್ಟುವುದಿಲ್ಲ.

ಇನ್ನು ಬರೆಯಬೇಡ. ಕೊನೆಯ ವಾರ ಬಂದ ಕಾಗದಗಳನ್ನೆಲ್ಲ ಬುಟ್ಟಿಗೆ ಹಾಕುತ್ತಾರೆ, ಸಮಾವೇಶ ಮುಗಿದ ಮೇಲೇ ಒಡೆಯುವುದು.

ತಂಗಿ


ಫೆಬ್ರುವರಿ 22

ಗುಬ್ಬಿ,

ನಿನ್ನ ಕಾಗದ ಸಿಕ್ಕಿ ಐದು ದಿನವಾಯಿತು. ಐದು ದಿನವೂ ಬರೆದೆ, ಹರಿದೆ. ಈಗ ಅಂಚೆಗೆ ಹಾಕಿದರೆ ತಲುಪುವುದಿಲ್ಲ. ನಮ್ಮ ಕಾರ್ಖಾನೆಯ ವ್ಯಾನಿನವನು ಆ ಕಡೆ ಹೊರಟಿದ್ದಾನೆ, ನಾಳೆ ಬೆಳಿಗ್ಗೆ ಗೇಟಿನಲ್ಲಿ ಕೊಡುತ್ತಾನೆ. ಅವನಿಗೆ ವಿಷಯ ಹೇಳಿಲ್ಲ. ಹೇಳಲು ಬಾಯಿ ಬರಲಿಲ್ಲ. ಭವನದ ಎದುರಿನ ಬೇಕರಿಯ ನಂಬರು ನನ್ನ ಹತ್ತಿರ ಇದೆ. ಮೂರು ಸಲ ಒತ್ತಿದೆ, ಅವನು ಹಲೋ ಅನ್ನುವ ಮುಂಚೆ ಮೂರು ಸಲವೂ ಇಟ್ಟುಬಿಟ್ಟೆ. ನಿನ್ನ ಅಣ್ಣ ಎಂಥ ಹೇಡಿ ಎಂಬುದು ಇಷ್ಟರಲ್ಲೇ ತಿಳಿಯಿತಲ್ಲ.

ನಾನೇ ಹೊರಟುಬರುತ್ತಿದ್ದೆ. ಜನವರಿಯಲ್ಲಿ ಏಣಿಯಿಂದ ಬಿದ್ದು ಕಾಲು ಮುರಿದಿದೆ. ಸೊಂಟದವರೆಗೆ ಪ್ಲಾಸ್ಟರ್. ಬೆಂಚಿನ ಕೆಲಸ ಎಂದು ಬರೆದದ್ದು ಸುಳ್ಳು.

ಈಗ ನಿಜ ಕೇಳು. ಆ ವರ್ಷ ಸಮಾವೇಶಕ್ಕೆ ಎರಡು ವಾರ ಇರುವಾಗ ಮೇಷ್ಟ್ರು, "ನಡುವಿನ ಕಂಬ ತೆಗೆದುಬಿಡಪ್ಪ, ಹಿಂದಿನವರಿಗೆ ವೇದಿಕೆ ಕಾಣಲ್ಲ" ಅಂದರು. ಕಂಬ ತೆಗೆದರೆ ಅದರ ಭಾರ ಹೊರಲು ಎಡದ ಕಂಬದಿಂದ ಬಲದ ಕಂಬಕ್ಕೆ ಕಬ್ಬಿಣದ ತೊಲೆ ಬೇಕು. ನಾನು ಅಳತೆ ಹಿಡಿದೆ. ಎಡಗಂಬದ ಒಳಮೈಯಿಂದ ಬಲಗಂಬದ ಒಳಮೈವರೆಗೆ. ತೊಲೆ ಎರಡೂ ಕಂಬಗಳ ತಲೆಯ ಮೇಲೆ ಕೂರಬೇಕಲ್ಲ, ಆ ಕೂರುವ ಭಾಗವನ್ನು ಸೇರಿಸಲಿಲ್ಲ. ಕೆಲಸ ಕಲಿಯುವವನೂ ಮಾಡದ ತಪ್ಪು. ತೊಲೆ ಬಂದಾಗ ಸಮಾವೇಶಕ್ಕೆ ಎರಡೇ ದಿನ. ನಡುವಿನ ಕಂಬ ಆಗಲೇ ತುಂಡಾಗಿ ಅಂಗಳದಲ್ಲಿ ಬಿದ್ದಿತ್ತು. ಬಲತುದಿಯನ್ನು ಕಂಬದ ಮೇಲೆ ಒಂದು ಗೇಣು ಎಳೆದು ಕೂರಿಸಿದೆ. ಎಡತುದಿ ಗಾಳಿಯಲ್ಲಿ ಉಳಿಯಿತು. ಕಂಬದ ಪಕ್ಕಕ್ಕೆ ಒಂದು ಮರದ ದಿಮ್ಮಿಯನ್ನು ಆರು ಬೋಲ್ಟಿನಲ್ಲಿ ಬಿಗಿದು, ಆ ತುದಿಯನ್ನು ಅದರ ಮೇಲೆ ಇಟ್ಟೆ. ಕಾಣಬಾರದೆಂದು ಹಲಗೆ ಹೊಡೆದೆ. ನಿಮ್ಮ ಬಡಗಿ ಬಡಿದು ನೋಡಿದ್ದು ಆ ಹಲಗೆಯನ್ನು.

ಸಮಾವೇಶ ಮುಗಿದ ಮೇಲೆ ಸರಿಮಾಡೋಣ ಅಂದುಕೊಂಡೆ. ಅವತ್ತು ನಾನು ಬಾಲ್ಕನಿಯ ಕೆಳಗೇ ಕೂತಿದ್ದೆ. ಚಕ್ಕೆ ಬಡಿದರು, ಮೇಲಿದ್ದವರೆಲ್ಲ ಒಟ್ಟಿಗೆ ಎದ್ದರು, ತೊಲೆ ನರಳಿತು. ಬೇರೆ ಯಾರಿಗೂ ಕೇಳಿಸಲಿಲ್ಲ, ನನಗೆ ಕೇಳಿಸಿತು. ಜನ ಕೂತಿದ್ದರೆ ಅದು ತಡೆಯುತ್ತದೆ. ಒಂದೇ ಸಲ ಎದ್ದರೆ ಭಾರ ಕುಕ್ಕಿದ ಹಾಗೆ ಬೀಳುತ್ತದೆ, ಅದನ್ನು ತಡೆಯುವುದಿಲ್ಲ. ಅವತ್ತೇ ಹೇಳಬೇಕಿತ್ತು. ಎಲ್ಲರೂ ಬೆನ್ನು ತಟ್ಟುತ್ತಿದ್ದರು, ನಾನು ಹೇಳಲಿಲ್ಲ. ನನಗೆ ಹೋದದ್ದು ನನ್ನ ಕೈಯ ಮೇಲಿನ ನಂಬಿಕೆ ಗುಬ್ಬಿ, ಬಳಗದ ಮೇಲಿನದಲ್ಲ. ವಾರದ ಸಭೆಗೆ ಮೇಲೆ ನಾಲ್ಕಾರು ಜನ ಹತ್ತುತ್ತಾರೆ, ಏನೂ ಆಗುವುದಿಲ್ಲ ಎಂದು ದಿನಾ ಲೆಕ್ಕ ಹಾಕಿಕೊಂಡು ಹನ್ನೊಂದು ವರ್ಷ ಕಳೆದೆ.

ಆ ಪುಡಿ ಇಲಿಯದಲ್ಲ. ದಿಮ್ಮಿ ಸೀಳುತ್ತಿದೆ.

ಚಕ್ಕೆ ಬಡಿಯಬೇಡ. ಕಿರುಚಬೇಡ, ಕಿರುಚಿದರೆ ಎಲ್ಲರೂ ಒಟ್ಟಿಗೆ ಏಳುತ್ತಾರೆ. ಮೊದಲು ಬಾಲ್ಕನಿಯ ಕೆಳಗೆ ಕೂತವರನ್ನು ಸರಿಸು. ಆಮೇಲೆ ಮೇಲಿನವರನ್ನು ಒಬ್ಬೊಬ್ಬರನ್ನಾಗಿ ಇಳಿಸು, ಎಡಗಡೆಯಿಂದ ಶುರುಮಾಡು, ಮೆಟ್ಟಿಲು ಬಲಕ್ಕಿದೆ. ಅಮ್ಮ ಕೂತಿರುವುದು ತೊಲೆಯ ನಟ್ಟನಡುವೆ.

ಅಣ್ಣ


ಫೆಬ್ರುವರಿ 25

ಅಣ್ಣ,

ಎಲ್ಲರೂ ಕ್ಷೇಮ ಎಂದಷ್ಟೇ ಅತ್ತಿಗೆಗೆ ಫೋನಿನಲ್ಲಿ ಹೇಳಿ ಇಟ್ಟುಬಿಟ್ಟೆ. ಮಾತು ಮುಂದುವರಿಸಿದ್ದರೆ ನಿನ್ನನ್ನು ಏನೇನು ಬೈಯುತ್ತಿದ್ದೆನೋ ಗೊತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಎರಡು ದಿನದಿಂದ ಸೂಜಿಗೆ ದಾರ ಪೋಣಿಸಲು ಆಗಿಲ್ಲ.

ಗೇಟಿನಲ್ಲಿ ಕಾಗದ ಬುಟ್ಟಿಗೆ ಬೀಳುವಾಗ ನಾನು ಅಲ್ಲೇ ಇದ್ದೆ. ಲಕೋಟೆಯ ಮೇಲೆ ನಿನ್ನ ಬಡಗಿ ಪೆನ್ಸಿಲಿನಲ್ಲಿ "ಏಳುವ ಮುಂಚೆ ಓದು" ಎಂದಿತ್ತು. ಮತ್ತೆ ಶುರುಮಾಡಿದ ಎಂದುಕೊಂಡೆ. ನಿಯಮ ಮುರಿದು ಬುಟ್ಟಿಯಿಂದ ತೆಗೆದುಕೊಂಡೆ, ಸಿಟ್ಟಿಗೆ ಓದದೆ ದಿಂಬಿನ ಕೆಳಗೆ ತಳ್ಳಿ ಅದರ ಮೇಲೇ ಕೂತೆ. ಮೂರು ಗಂಟೆ ಕೂತಿದ್ದೆ ಅಣ್ಣ, ನಿನ್ನ ಮಾತಿನ ಮೇಲೆ. ಹನ್ನೊಂದೂ ನಲವತ್ತಕ್ಕೆ ಚಕ್ಕೆಯನ್ನು ಮಡಿಲಿಗೆ ತೆಗೆದುಕೊಳ್ಳುವಾಗ ಲಕೋಟೆ ಕಾಲಿಗೆ ತಾಗಿತು.

ಓದಿ ತಲೆಯೆತ್ತಿದೆ. ಬಾಲ್ಕನಿ ತುಂಬ ಜನ, ಎಲ್ಲರೂ ಕಣ್ಣು ಮುಚ್ಚಿದ್ದಾರೆ. ಮುಂದಿನ ಸಾಲಿನ ನಡುವೆ ಅಮ್ಮನ ಬೂದು ಶಾಲು. ಎಡಗಂಬದ ಬುಡದಲ್ಲಿ ಕೂತಿದ್ದ ಒಬ್ಬರು ಹೆಗಲ ಮೇಲೆ ಬೀಳುತ್ತಿದ್ದ ಪುಡಿಯನ್ನು ಕಣ್ಣು ತೆರೆಯದೆ ಒರೆಸಿಕೊಳ್ಳುತ್ತಿದ್ದರು. ಒರೆಸಿದಷ್ಟೂ ಬೀಳುತ್ತಿತ್ತು. ಎದ್ದು ನಿಂತರೆ ನನ್ನನ್ನು ನೋಡಿ ಎಲ್ಲರೂ ಎದ್ದುಬಿಟ್ಟರೆ ಎಂದು ಹೆದರಿ ಮೊಣಕಾಲಿನ ಮೇಲೆ ತೆವಳುತ್ತ ಮೇಷ್ಟ್ರ ಹತ್ತಿರ ಹೋದೆ. ಕಾಗದ ಕೊಟ್ಟೆ. ಅವರು ಅರ್ಧ ಓದುವಷ್ಟರಲ್ಲಿ ಕನ್ನಡಕ ತೆಗೆದುಬಿಟ್ಟರು. ಆಮೇಲೆ ಆ ಎಂಬತ್ತು ವರ್ಷದ ಮನುಷ್ಯ ಬಾಲ್ಕನಿಯ ಕೆಳಗಿದ್ದ ಒಬ್ಬೊಬ್ಬರ ಕೈ ಹಿಡಿದು ಮುಂದಕ್ಕೆ ಕರೆತಂದರು. ಒಂದು ಮಾತಿಲ್ಲ.

ನಾನು ಬಾಲ್ಕನಿ ಹತ್ತಿದೆ. ಚಪ್ಪಲಿಯಿಲ್ಲದ ಕಾಲಿಗೂ ಭಾರ ಇರುತ್ತದೆ ಎಂದು ಅವತ್ತು ತಿಳಿದುಕೊಂಡೆ. ಎಡಗಡೆಯಿಂದ ಶುರುಮಾಡಿದೆ. ಹೆಗಲು ಮುಟ್ಟುವುದು, ಕಣ್ಣು ತೆರೆದರೆ ಮೆಟ್ಟಿಲು ತೋರಿಸುವುದು. ಯಾರೂ ಯಾಕೆ ಅನ್ನಲಿಲ್ಲ. ಇದೂ ಸಮಾವೇಶದ್ದೇ ಒಂದು ಕ್ರಮ ಅಂದುಕೊಂಡು ಒಬ್ಬರು ನನಗೆ ಕೈ ಬೇರೆ ಮುಗಿದರು. ಹನ್ನೆರಡು ಹೊಡೆಯಿತು. ಕೆಳಗಿನವರು ಚಕ್ಕೆಗಾಗಿ ಕಾಯುತ್ತಿದ್ದರು. ಇಳಿದವರ ಎಣಿಕೆ ನೂರನ್ನು ದಾಟುವಾಗ ಕಾಲಡಿಯಲ್ಲಿ ಹಲ್ಲು ಕಡಿದಂಥ ಸದ್ದು ಬಂತು. ನಿಂತೆ. ಸದ್ದೂ ನಿಂತಿತು. ಮತ್ತೆ ಮುಟ್ಟತೊಡಗಿದೆ.

ಅಮ್ಮ ಏಳಲಿಲ್ಲ. ಮುಟ್ಟಿದರೆ ತಲೆ ಅಲ್ಲಾಡಿಸಿದಳು. ಅವಳನ್ನು ಬಿಟ್ಟು ಉಳಿದವರನ್ನೆಲ್ಲ ಇಳಿಸಿ ಮತ್ತೆ ಬಂದೆ. ಅಷ್ಟು ದೊಡ್ಡ ಬಾಲ್ಕನಿಯಲ್ಲಿ ಅವಳೊಬ್ಬಳೇ. ಕೈ ಹಿಡಿದು ಎಳೆದೆ. ಅವಳು ಅಂಗೈಯಿಂದ ಪಕ್ಕದ ಹಲಗೆಯನ್ನು ತಟ್ಟಿ ತೋರಿಸಿದಳು, ಇಲ್ಲೇ ಇರುತ್ತೀನಿ ಎಂದು. ನಿನ್ನ ಕಾಗದ ಚಾಚಿದೆ, ಕನ್ನಡಕ ಮನೆಯಲ್ಲಿತ್ತು.

ಅವಳು ಆ ಜಾಗ ಯಾಕೆ ಕೇಳಿದಳು ಎಂದು ಈಗ ಹೇಳುತ್ತೇನೆ. ನನ್ನ ಹತ್ತಿರ ಹೇಳಿದ್ದಳು: "ಅದು ನನ್ನ ಮಗ ಹಾಕಿದ ತೊಲೆ. ಇಡೀ ಊರಲ್ಲಿ ಅವನ ಕೈ ಇರೋ ಜಾಗ ಅದೊಂದೇ. ಅಲ್ಲಿ ಕೂತರೆ ಅವನು ಹೊತ್ತುಕೊಂಡ ಹಾಗಿರುತ್ತೆ."

ಹಾಗೆ ಹೇಳಿದವಳಿಗೆ ನಿನ್ನ ತೊಲೆ ಬೀಳುತ್ತದೆ ಎಂದು ಹೇಗೆ ಹೇಳಲಿ? ಅಷ್ಟು ಜನರ ಮೌನದಲ್ಲಿ ನಾನು ಬಾಯಿಬಿಟ್ಟೆ. "ಅಮ್ಮ, ಅಣ್ಣ ಬಂದಿದ್ದಾನೆ. ಬಾಗಿಲ ಹತ್ತಿರ ನಿಂತಿದ್ದಾನೆ, ಕೆಳಗೆ ಬಾ" ಅಂದೆ.

ಕೂತು ಕೂತು ಹತ್ತಿದವಳು ಕಟಕಟೆ ಹಿಡಿದು ನಡೆದೇ ಇಳಿದಳು. ಆಮೇಲೆ ಮೇಷ್ಟ್ರು ಕೈಯೆತ್ತಿ ಎಲ್ಲರನ್ನೂ ಅಂಗಳಕ್ಕೆ ಕಳಿಸಿದರು. ಚಕ್ಕೆ ಬಡಿಯಲೇ ಇಲ್ಲ.

ನಿನ್ನೆ ಹಲಗೆ ಬಿಚ್ಚಿಸಿದೆವು. ದಿಮ್ಮಿ ಮೇಲಿನಿಂದ ಕೆಳಗಿನವರೆಗೆ ಸೀಳಿದೆ, ಎರಡು ಬೋಲ್ಟು ಕಿತ್ತುಬಂದಿವೆ. ತೊಲೆ ಅದರ ಮೇಲೆ ಎಷ್ಟು ಉಳಿದಿತ್ತು ಎಂದು ಬೆರಳಿಟ್ಟು ನೋಡಿದೆ. ನನ್ನ ಕಿರುಬೆರಳಿನಷ್ಟು ಅಗಲ. ಈಗ ಕೆಳಗೆ ಆಸರೆಯ ಮರ ಕೊಟ್ಟಿದ್ದಾರೆ. ಮೇಷ್ಟ್ರನ್ನು ಬಿಟ್ಟು ಯಾರಿಗೂ ನಿನ್ನ ವಿಷಯ ಗೊತ್ತಿಲ್ಲ. "ಕಂಬ ತೆಗಿ ಅಂದವನು ನಾನು, ಹೇಗೆ ತೆಗೆದೆ ಅಂತ ಕೇಳದೆ ಇದ್ದವನೂ ನಾನೇ" ಎಂದು ಆಗಿನಿಂದ ಅದನ್ನೇ ಹೇಳುತ್ತಿದ್ದಾರೆ. ಮೌನ ಮುರಿದವರು ಮೂರು ವರ್ಷ ಸಮಾವೇಶಕ್ಕೆ ಬರುವಂತಿಲ್ಲ. ನನ್ನ ಹೆಸರನ್ನು ನಾನೇ ಬರೆದುಕೊಟ್ಟೆ.

ಅಮ್ಮ ಅವತ್ತು ಬಾಗಿಲ ಹತ್ತಿರ ಎಲ್ಲರ ಮುಖ ನೋಡಿದಳು. "ಎಲ್ಲಿ?" ಅಂದಳು. ಕೆಲಸ ಇತ್ತು, ಹೋದ, ಮತ್ತೆ ಬರುತ್ತಾನೆ ಅಂದೆ. ಅವತ್ತಿನಿಂದ ಮನೆಯ ಬಾಗಿಲ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದಾಳೆ. ಊಟವೂ ಅಲ್ಲೇ. ಬಾಗಿಲವರೆಗೆ ಬಂದವನು ನನ್ನನ್ನು ನೋಡದೆ ಹೋದನಾ ಎಂದು ಗಂಟೆಗೊಮ್ಮೆ ಕೇಳುತ್ತಾಳೆ. ನಾನು ಜೀವಮಾನದಲ್ಲಿ ಮೌನ ಮುರಿದದ್ದು ಒಂದೇ ಸಲ, ಅದೂ ಸುಳ್ಳು ಹೇಳಲು. ಅದನ್ನು ನಿಜ ಮಾಡುವುದು ನನ್ನ ಕೈಯಲ್ಲಿಲ್ಲ.

ಗುಬ್ಬಿ


ಮಾರ್ಚ್ 2

ಗುಬ್ಬಿ,

ಗುರುವಾರ ಬರುತ್ತೇನೆ. ಪ್ಲಾಸ್ಟರ್ ಬಿಚ್ಚಲು ಇನ್ನೂ ಎರಡು ವಾರ ಬೇಕೆಂದು ಡಾಕ್ಟರು ಬೈದರು, ನಿನ್ನ ಅತ್ತಿಗೆ ಅವರಿಗಿಂತ ಜೋರಾಗಿ ಬೈದಳು. ವ್ಯಾನಿನ ಹಿಂದೆ ಕಾಲು ಚಾಚಿ ಮಲಗಿ ಬರುತ್ತೇನೆ. ಪಕ್ಕದಲ್ಲಿ ಒಂದು ಕಂಬವೂ ಮಲಗಿರುತ್ತದೆ. ಹಳೆಯ ಅಳತೆಯ ಪುಸ್ತಕ ಹುಡುಕಿ, ಕೂತಲ್ಲೇ ಕೂತು ಸಿದ್ಧಮಾಡಿದ್ದೇನೆ. ಎಲ್ಲಿತ್ತೋ ಅಲ್ಲೇ, ನಡುವೆ ನಿಲ್ಲಿಸುತ್ತೇನೆ. ಹಿಂದಿನವರಿಗೆ ವೇದಿಕೆ ಕಾಣದಿದ್ದರೆ ಕಾಣದಿರಲಿ.

ಶುಕ್ರವಾರ ಬಳಗದವರನ್ನು ಸೇರಿಸಲು ಮೇಷ್ಟ್ರಿಗೆ ಹೇಳು. ಎಲ್ಲರ ಮುಂದೆ ನಾನೇ ಹೇಳುತ್ತೇನೆ. ಅವರು ಏನು ಮಾಡಿದರೂ ಸರಿಯೇ. ಅಮ್ಮ ಆ ಮಾತು ಕೇಳಿ ನನ್ನ ಮುಖ ನೋಡುವ ಗಳಿಗೆ ಇದೆಯಲ್ಲ, ನನಗೆ ಹೆದರಿಕೆ ಅದೊಂದರದೇ.

ನಾನು ಬರುವುದನ್ನು ಅವಳಿಗೆ ಹೇಳಬೇಡ. ಆದರೆ ಆ ಕುರ್ಚಿಯನ್ನು ಮಾತ್ರ ಬಾಗಿಲ ಹತ್ತಿರದಿಂದ ತೆಗೆಯಬೇಡ.

ಅಣ್ಣ